ಬಚ್ಚಲದ ಓಕುಳಿ

ಈ ಸಲ ಬರೆಯೋದು ಹೊಲದ ಬಗ್ಗೆ ಅಲ್ಲ, ನಮ್ಮ ಮನಿ ಬಚ್ಚಲದ ಬಗ್ಗೆ. ಆದ್ರೂ ಬೀಜ, ಔಷಧಿ, ಎರಿ ಮಣ್ಣು, ನೀರು, ಕುಸುಬಿ ಎಲ್ಲಾ ಇದ್ರಾಗ ಬರ್ತಾವ. ರೈತರ ಮನ್ಯಾಗ ಹೊಲ ಬ್ಯಾರೆ, ಬಚ್ಚಲ ಬ್ಯಾರೆ ಅಂತ ನಾನೂ ತಿಳಕೊಂಡಿದ್ದೆ. ಹೋದ ವರ್ಷದ ಮುಂಗಾರಿ ಆ ತಿಳುವಳಿಕಿ ತಗದಹಾಕ್ತು.

ಮೊದಲ ನನ್ನ ತಪ್ಪು ಹೇಳಿಬಿಡ್ತೀನಿ. ಜೂನ್ ತಿಂಗಳ ಮೊದಲ ಮಳಿ ಆಗಿತ್ತು. ಬಿತ್ತಿಗಿ ಅವಸರ. ಎರಡು ಎಕರೆ ಗೋವಿನಜೋಳ, ಉಳಿದದ್ದು ಹೆಸರು ಅಂತ ಲೆಕ್ಕ ಹಾಕಿದ್ದೆ. ಗೋವಿನಜೋಳ ಬಿತ್ತಿ ಉಳಿದ ಬೀಜದ ಚೀಲ ತಂದು ಪಡಸಾಲಿ ಮೂಲ್ಯಾಗ ಇಟ್ಟೆ. ಚೀಲದ ಬಾಯಿ ಕಟ್ಟಿರಲಿಲ್ಲ. ನಾಳಿ ಸಾಲು ತಪ್ಪಿದಲ್ಲಿ ಊರಿದರಾತು ಅಂತ ಬಿಟ್ಟೆ. ಇಷ್ಟ ನನ್ನ ತಪ್ಪು. ಸಣ್ಣದು ಅನ್ನಿಸ್ತೈತಿ ಅಲ್ರೀ? ನನಗೂ ಹಂಗ ಅನ್ನಿಸಿತ್ತು.

ಸಂಪನಿ ಬೀಜ ನೀವು ನೋಡೇ ಇರ್ತೀರಿ. ಚಂದನ ಗುಲಾಬಿ ಬಣ್ಣ. ಕೆಲವು ಕೆಂಪು, ಕೆಲವು ಹಸಿರು. ಬೀಜಕ್ಕ ಔಷಧಿ ಹಚ್ಚೈತಿ, ಇದು ತಿನ್ನೋ ಕಾಳಲ್ಲ ಅಂತ ಗುರುತು ಸಿಗಲಿ ಅಂತನ ಆ ಬಣ್ಣ ಹಾಕಿರ್ತಾರ. ದೊಡ್ಡವರಿಗೆ ಅದು ಎಚ್ಚರಿಕಿ. ಸಣ್ಣ ಹುಡುಗರಿಗೆ ಅದ ಬಣ್ಣ ಕರಿಯೋ ಬಣ್ಣ.

ನನ್ನ ಸಣ್ಣಾಕಿಗೆ ಆಗ ನಾಲ್ಕೂವರಿ ವರ್ಷ. ಹಿರಿಯಾವ ಒಂಬತ್ತು ವರ್ಷದಾವ, ಅವಾ ಶಾಲಿಗೆ ಹೋಗಿದ್ದ. ಮಧ್ಯಾಹ್ನ ಉಂಡು ಹೊಲಕ್ಕ ಹೋಗಾಕ ಚಪ್ಪಲಿ ಮೆಟ್ಟಾಕತ್ತಿದ್ದೆ. ಬಚ್ಚಲದಾಗಿಂದ ಕೂಗಿದಳು:

“ಅಪ್ಪಾ, ಬಾ ಇಲ್ಲೆ, ಓಕುಳಿ ನೋಡ್ಬಾ!”

ಹೋಗಿ ನೋಡಿದ್ರ ಸ್ಟೀಲ್ ಬಟ್ಟಲದಾಗ ಒಂದು ಬೊಗಸಿ ಗೋವಿನಜೋಳದ ಬೀಜ, ಅದಕ್ಕ ನೀರು. ನೀರೆಲ್ಲಾ ಗುಲಾಬಿ ಆಗಿತ್ತು. ಪರಸಿ ಮ್ಯಾಲ ಒಂದು ಸೂರ್ಯ, ಒಂದು ಮನಿ, ಮನಿ ಮುಂದ ಎರಡು ಕಾಲಿನ ಎತ್ತು. ಎರಡೂ ಕೈ ಮೊಣಕೈತನಕ ಗುಲಾಬಿ. ಗಲ್ಲಕ್ಕೂ ಹಚ್ಚಿಗೊಂಡಿದ್ದಳು. ನನ್ನ ನೋಡಿ ನಕ್ಕಳು.

ಆಮ್ಯಾಲಿನ ಐದು ನಿಮಿಷ ನನಗ ಸರಿಯಾಗಿ ನೆನಪಿಲ್ಲ. ಒದರಿದೆ. ಬಟ್ಟಲ ಕಸಗೊಂಡು ಹೊರಗ ಒಗದೆ. ಅಂಗಿ ಕಳದೆ, ತಣ್ಣೀರು ತಲಿ ಮ್ಯಾಲಿಂದ ಹೊಯ್ದೆ, ಸಬಕಾರ ಹಚ್ಚಿ ಹಚ್ಚಿ ತಿಕ್ಕಿದೆ. ಆಕಿ ಚೀರಾಕತ್ತಳು. “ಬಾಯಾಗ ಹಾಕ್ಕೊಂಡಿ ಏನು? ಹೇಳು, ಬಾಯಾಗ ಹಾಕ್ಕೊಂಡಿ ಏನು?” ಅಂತ ನಾ ಕೇಳಿದ್ದ ಕೇಳಾಕತ್ತೆ. ಆಕಿಗೆ ಉಸಿರು ಹಿಡಿದಿತ್ತು, ಉತ್ತರ ಎಲ್ಲಿಂದ ಬರಬೇಕು? ನನ್ನ ಹೆಂಡತಿ ಓಡಿಬಂದು, “ರೀ, ಕೈ ಬಿಡ್ರಿ, ಚರ್ಮ ಕಿತ್ತ ಬರತೈತಿ” ಅಂತ ನನ್ನ ಸರಿಸಿದಳು. ಬೀಜದ ಚೀಲ ಬಗಲಾಗ ಇಟಗೊಂಡು, ಕೂಸನ್ನ ಟವೆಲ್‌ನಾಗ ಸುತ್ತಿಗೊಂಡು ಬೈಕ್ ಮ್ಯಾಲ ದವಾಖಾನಿಗೆ ಹೋದ್ವಿ.

ಡಾಕ್ಟರ್ ಚೀಲದ ಮ್ಯಾಲಿನ ಚೀಟಿ ಓದಿದರು. ಕಣ್ಣು, ನಾಲಿಗಿ, ಎದಿ ನೋಡಿದರು. ಬಾಯಾಗ ಹೋಗಿದ್ದಂಗ ಕಾಣಲಿಲ್ಲ. ವಾಂತಿ, ಜೊಲ್ಲು, ನಡುಕ, ಮಂಪರು ಬಂದ್ರ ತಡಾ ಮಾಡದ ಬರ್ರಿ ಅಂತ ಹೇಳಿ, ಸಂಜಿತನಕ ಅಲ್ಲೇ ಕುಂದ್ರಿಸಿಕೊಂಡು ಮನಿಗೆ ಕಳಿಸಿದರು. ಹೊಂಟಾಗ ಅವರು ಹೇಳಿದ ಮಾತು ನಿಮಗೂ ಹೇಳ್ತೀನಿ: ಇಂಥದ್ದು ಆದಾಗ ಅರಿವಿ ಕಳೀರಿ, ಸಬಕಾರ ಹಚ್ಚಿ ಭಾಳ ನೀರಿನಾಗ ತೊಳೀರಿ, ಗಸಗಸ ತಿಕ್ಕಬ್ಯಾಡ್ರಿ. ತಿಕ್ಕಿದ್ರ ಚರ್ಮ ಕೆತ್ತಿ ವಿಷ ಇನ್ನೂ ಒಳಗ ಇಳೀತೈತಿ. ಕಣ್ಣಿಗೆ ಬಿದ್ರ ಹದಿನೈದು ನಿಮಿಷ ಸ್ವಚ್ಛ ನೀರು ಬಿಡ್ರಿ. ಮತ್ತ ಚೀಲ ಅಥವಾ ಡಬ್ಬಿ ಮರೀದ ತರ್ರಿ, ಅದನ್ನ ನೋಡಿದ್ರನ ಯಾವ ಔಷಧಿ ಅಂತ ಡಾಕ್ಟರಿಗೆ ತಿಳಿಯೋದು.

ಕೂಸು ಆರಾಮಾತು. ದೇವರು ದೊಡ್ಡಾವ. ಆದ್ರ ಮರುದಿನದಿಂದ ಜಳಕಾ ನಿಂತುಹೋತು.

ಬಚ್ಚಲದ ಬಾಗಿಲ ಸಪ್ಪಳಾದ್ರ ಸಾಕು, ಆಕಿ ಓಡಿಹೋಗಿ ಹಗೇವಿನ ಕ್ವಾಣಿ ಮೂಲಿ ಸೇರತಿದ್ದಳು. ಅವರವ್ವ ಎತ್ತಿಗೊಂಡು ಹೋದ್ರ ಬಾಗಿಲ ಚೌಕಟ್ಟು ಎರಡೂ ಕೈಲೆ ಹಿಡಕೊಳ್ಳೂದು. ಒದ್ದಿ ಅರಿವಿಲೆ ಮೈ ಒರಸಿ ನಾಕೈದು ದಿನ ನೂಕಿದ್ವಿ. ಒಂದು ರಾತ್ರಿ ಆಕಿ ನಮ್ಮವ್ವನ ಹಾಸಿಗ್ಯಾಗ ಮಲಗಿ ಮೆಲ್ಲಕ ಹೇಳಿದ್ದು ನನಗ ಕೇಳಿಸ್ತು: “ಆಯಿ, ಅಪ್ಪಾ ಬಚ್ಚಲದಾಗ ಬಡೀತಾನ.”

ನಾ ಬಡಿದಿರಲಿಲ್ರೀ. ಆದ್ರ ಆಕಿ ಮೈಗೆ ಅದು ಬಡಿದಂಗ ಆಗಿತ್ತು. ಆ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ಆಕಿ ಮಾಡಿದ್ದೇನು? ಚಿತ್ರ ತಗದಿದ್ದಳು. ಮನ್ಯಾಗ ಕೈಗೆ ಸಿಗೂವಂಥ ಚಂದದ ಬಣ್ಣ ಅಂದ್ರ ಅದೊಂದ ಇತ್ತು, ಅದನ್ನ ಇಟ್ಟಾವ ನಾನು.

ಹಗರಕ ದಾರಿ ತೋರಿಸಿದ್ದು ನಮ್ಮವ್ವ. “ಆಕಿನ್ನ ಬಚ್ಚಲಕ್ಕ ಎಳೀಬ್ಯಾಡ. ನೀರನ್ನ ಹೊರಗ ತಾ,” ಅಂದ್ಲು.

ಕಾರಹುಣ್ಣಿವಿ ಬಂತು. ನಮ್ಮ ಮನ್ಯಾಗ ಈಗ ಎತ್ತಿಲ್ಲ, ಬಾಡಿಗಿ ಟ್ರ್ಯಾಕ್ಟರ್ ಮ್ಯಾಲ ನಡೀತೈತಿ. ಆಜೂಬಾಜೂ ಮನಿ ಕಾಕಾನ ಹತ್ರ ಒಂದು ಜೋಡಿ ಐತಿ. ಅವತ್ತು ಕಾಕಾ ಎತ್ತು ಮೈ ತೊಳೀವಾಗ ಸಣ್ಣಾಕಿನ್ನ ಹೆಗಲ ಮ್ಯಾಲ ಕುಂದ್ರಿಸಿಕೊಂಡು ಹೋದೆ. ಎತ್ತಿನ ಮೈಮ್ಯಾಲ ನೀರು ಬಿದ್ದಾಗ ಅದು ಚರ್ಮ ಝಾಡಿಸಿ, ಬಾಲ ಬೀಸಿ, ಕಣ್ಣು ಮುಚ್ಚಿ ಆರಾಮ ನಿಂತಿತ್ತು. “ಎತ್ತು ಅಳವಲ್ದು,” ಅಂದ್ಲು ಆಕಿ. ಕಾಕಾ ಕೈಗೊಂದು ತಂಬಿಗಿ ಕೊಟ್ಟ. ಮೊದಲನೇ ತಂಬಿಗಿ ಎತ್ತಿನ ಕಾಲಿಗೆ ಹಾಕಿದಳು, ಎರಡನೇದು ಹೊಟ್ಟಿಗೆ, ಮೂರನೇದು ನನ್ನ ಧೋತರಕ್ಕ. ಆಮ್ಯಾಲ ಕೋಡಿಗೆ ಬಣ್ಣ ಹಚ್ಚೂದು, ಮೈಮ್ಯಾಲ ಅಂಗೈ ಒತ್ತೂದು. ಕಾಕಾ ಕೆಮ್ಮಣ್ಣು ಕಲಿಸಿ ಇಟ್ಟಿದ್ದ. ಆಕಿ ಸಣ್ಣ ಅಂಗೈ ಅದ್ದಿ ಎತ್ತಿನ ತೊಡಿ ಮ್ಯಾಲ ಒತ್ತಿದಳು. ಒತ್ತೋಕಿಂತ ಮೊದಲ ನನ್ನ ಮಾರಿ ನೋಡಿದಳು, ಒದರತಾನೇನೋ ಅಂತ. ಆ ನೋಟ ನಾ ಸಾಯೂತನಕ ಮರಿಯಂಗಿಲ್ಲ.

ಹದಿನೈದು ದಿನಕ್ಕ ಮಣ್ಣೆತ್ತಿನ ಅಮಾಸಿ. ಬಯಲುಸೀಮಿ ಹುಡುಗರಿಗೆ ಇದಕ್ಕಿಂತ ದೊಡ್ಡ ಚಿತ್ರಕಲಾ ಶಾಲಿ ಇಲ್ಲ. ನಾನು ಮೊದಲು ಹೊಲದ ಮಣ್ಣ ತರ್ತಿದ್ದೆ. ಈ ಸಲ ಕಾಲು ಹೋಗಲಿಲ್ಲ. ವರ್ಷಾ ವರ್ಷಾ ಕಳೆನಾಶಕ, ಕೀಟನಾಶಕ ಕುಡಿದ ಮಣ್ಣದು. ಊರ ಕೆರಿ ದಂಡಿಯಿಂದ ತಂದು, ಜರಡಿ ಹಿಡದು, ಹರಳು ಬ್ಯಾರೆ ಮಾಡಿ, ನಾದಿ ಕೊಟ್ಟೆ. ಅಣ್ಣಾ ತಂಗಿ ಇಬ್ರೂ ಅಂಗಳದಾಗ ಕುಂತು ಎತ್ತು, ಗೋದ್ಲಿ ಮಾಡಿದ್ರು. ಎತ್ತಿಗಿಂತ ಮಣ್ಣು ಅವರ ಮೈಮ್ಯಾಲನ ಜಾಸ್ತಿ ಇತ್ತು. ಮಧ್ಯಾಹ್ನದ ಬಿಸಿಲಿಗೆ ಮಣ್ಣು ಒಣಗಿ ಚರ್ಮ ಬಿಗೀಲಿಕ್ಕೆ ಹತ್ತಿದಾಗ ಸಣ್ಣಾಕಿ ತಾನ ಬಂದು ಕೇಳಿದಳು: “ಅಪ್ಪಾ, ಕೈ ಜಗ್ಗಾಕತ್ತೈತಿ, ನೀರು ಹಾಕು.”

ನಾನು ಬಕೇಟು ಅಂಗಳಕ್ಕ ತಂದೆ. ತಂಬಿಗಿ ಆಕಿ ಕೈಗೆ ಕೊಟ್ಟೆ. ನಾನು ಮುಟ್ಟಲಿಲ್ಲ. ಆಕಿ ಮೊದಲ ತನ್ನ ಮಣ್ಣೆತ್ತಿಗೆ ಜಳಕಾ ಮಾಡಿಸಿದಳು. ಸುಡದ ಮಣ್ಣು, ಒಂದು ತಂಬಿಗಿ ನೀರಿಗೆ ಕೋಡು ಹೋದವು, ಎರಡನೇದಕ್ಕ ಡುಬ್ಬ ಕುಸೀತು. ಅಳತಾಳ ಅಂತ ತಿಳಕೊಂಡೆ. ಆಕಿ ಮೊಣಕಾಲೂರಿ ಹಣಿಕಿ ಹಾಕಿ ನೋಡಿ, “ಎತ್ತು ನೀರು ಕುಡದು ಕುಡದು ಹೊಲ ಆತು,” ಅಂದ್ಲು.

ಖರೇನ ಅಲ್ರೀ? ನಮ್ಮ ರೋಣ, ನರಗುಂದದ ಎರಿ ಮಣ್ಣಿನ ಗುಣಾನ ಅದು. ನೀರು ಕುಡದು ಉಬ್ಬತೈತಿ, ಒಣಗಿದ್ರ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡತೈತಿ. ಕೂಸಿನ ಕೈಮ್ಯಾಲ ಬಿಗಿದದ್ದೂ ಅದ, ಏಪ್ರಿಲ್ ತಿಂಗಳ ಹೊಲದಾಗ ಬಾಯಿ ಬಿಡೋದೂ ಅದ.

ಅವತ್ತು ಅಂಗಳದಾಗ ಇಬ್ರದ್ದೂ ಜಳಕಾ ಆತು. ಮರುದಿನ “ಬಣ್ಣದ ಜಳಕಾ ಮಾಡೂಣೇನು?” ಅಂತ ನಾನ ಕೇಳಿದೆ. ಅಲ್ಲಿಂದ ಶುರುವಾತು ನಮ್ಮ ಬಚ್ಚಲದ ಓಕುಳಿ. ಈಗ ಪ್ರತಿ ರವಿವಾರ ನಡೀತೈತಿ. ಹೆಂಗ ಮಾಡ್ತೀವಿ ಅಂತ ಹೇಳ್ತೀನಿ, ಯಾರಿಗಾದ್ರೂ ಉಪಯೋಗ ಆಗಬಹುದು.

ಮೊದಲ ನೀರಿನ ಮಾತು. ನೀರಾಗ ಆಡ್ರಿ ಅಂತ ಮಕ್ಕಳಿಗೆ ಹೇಳಾಕ ನಮ್ಮ ಭಾಗದಾಗ ನಾಲಿಗಿ ತಡವರಿಸ್ತೈತಿ. ನವಿಲುತೀರ್ಥದಾಗ ಆಣೆಕಟ್ಟು ಐತಿ, ಕಾಲುವಿ ಐತಿ, ನೀರು ಬರೂದು ಮಾತ್ರ ಅದರ ಮನಸ್ಸಿಗೆ ಬಂದಾಗ. 1980ರ ಜುಲೈ 21ರಂದು ನರಗುಂದದಾಗ ಮಲಪ್ರಭಾ ರೈತರ ಮ್ಯಾಲ ಗೋಲಿಬಾರ್ ಆತು, ಇವತ್ತಿಗೂ ಆ ದಿನ ಹುತಾತ್ಮ ರೈತರ ದಿನ. 2015ರ ಜುಲೈನಾಗ ಅದ ಊರಾಗ ಮಹದಾಯಿ ಹೋರಾಟದ ಟೆಂಟ್ ಬಿತ್ತು. ಅಂಥ ನೆಲದಾಗ ನಳಾ ಬಿಟ್ಟು ಮಕ್ಕಳನ್ನ ಆಡಿಸೂದು ನನ್ನಿಂದ ಆಗಂಗಿಲ್ಲ. ಅದಕ್ಕ ನಮ್ಮ ಮನಿ ಕಾಯ್ದೆ ಹಿಂಗೈತಿ: ಬಣ್ಣದ ಆಟ ಒಣ ಬಚ್ಚಲದಾಗ, ನೀರು ಕಡೀಗೆ. ಹದಿನೈದು ಇಪ್ಪತ್ತು ನಿಮಿಷ ಬಣ್ಣ ಆಡೂವಾಗ ಒಂದು ತಂಬಿಗಿ ನೀರೂ ಖರ್ಚಾಗಂಗಿಲ್ಲ. ಆಮ್ಯಾಲ ತಲಿಗೆ ಒಂದು ಬಕೇಟು, ದಿನಾ ಮಾಡೋ ಜಳಕದಷ್ಟ. ಆ ನೀರು ಕೊಳವಿಯೊಳಗ ಹಾದು ಹಿತ್ತಲದ ಬಾಳಿಗಿಡಕ್ಕ, ಕರಿಬೇವಿಗೆ ಹೋಗ್ತೈತಿ. ಆಟ ಜಾಸ್ತಿ ಆದ್ರೂ ನೀರು ಜಾಸ್ತಿ ಆಗಿಲ್ಲ.

ಇನ್ನ ಬಣ್ಣ. ಎಲ್ಲಾ ಅಡಿಗಿಮನ್ಯಾಗ ಸಿಗೂವು.

ಬಣ್ಣಕ್ಕ ಮೈ ಬೇಕಲ್ಲ, ಅದಕ್ಕ ಕಡ್ಲಿಹಿಟ್ಟು. ನಮ್ಮ ಹೊಲದ ಅಣ್ಣಿಗೇರಿ-1 ಕಡ್ಲಿ, ಗಿರಣ್ಯಾಗ ಬೀಸಿದ್ದು. ಅದನ್ನ ಇಡ್ಲಿ ಹಿಟ್ಟಿನ ಹದಕ್ಕ ಕಲಸಿ ನಾಕೈದು ಬಟ್ಟಲಕ್ಕ ಹಂಚ್ತೀವಿ. ಒಂದಕ್ಕ ಚಿಟಿಕಿ ಅರಿಷಿಣ, ಒಂದಕ್ಕ ತುರಿದು ಹಿಂಡಿದ ಬೀಟ್‌ರೂಟ್ ರಸ, ಒಂದಕ್ಕ ಪಾಲಕ್ ರುಬ್ಬಿದ್ದು, ಒಂದಕ್ಕ ಕೆರಿ ಎರಿ ಮಣ್ಣು, ಇನ್ನೊಂದಕ್ಕ ಕೆಮ್ಮಣ್ಣು. ಬಿಳಿ ಬೇಕಂದ್ರ ಬರೇ ಅಕ್ಕಿ ಹಿಟ್ಟು. ನಮ್ಮ ಬಚ್ಚಲದಾಗ ಶಹಾಬಾದಿ ಪರಸಿ ಐತಿ, ಕರಿ ಹಲಿಗಿ ಇದ್ದಂಗ, ಎಲ್ಲಾ ಬಣ್ಣಾನೂ ಚಂದ ಎದ್ದು ಕಾಣ್ತಾವ.

ಕೆಮ್ಮಣ್ಣು ಬರೋದು ನನ್ನ ಹೆಂಡತಿ ತವರಿಂದ, ಗಜೇಂದ್ರಗಡದ ಕಡಿಂದ. ಅಲ್ಲಿ ಗುಡ್ಡದ ಬುಡಕ್ಕ ಮಸಾರಿ ಭೂಮಿ. ನಮ್ಮದು ಕರಿ ಮಣ್ಣು, ಅವರದು ಕೆಂಪು ಮಣ್ಣು. ನನ್ನ ಮಗಾ ತನ್ನ ಒಂದು ಕೈಗೆ ಕರಿ, ಇನ್ನೊಂದು ಕೈಗೆ ಕೆಂಪು ಹಚ್ಚಿ, “ಇದು ಅಪ್ಪನ ಊರು, ಇದು ಅವ್ವನ ಊರು” ಅಂತ ಎರಡೂ ಗೋಡಿಗೆ ಒತ್ತತಾನ. ಹಳೆಗನ್ನಡದಾಗ ಕಿಸು ಅಂದ್ರ ಕೆಂಪು. ಮಲಪ್ರಭಾ ದಂಡಿ ಮ್ಯಾಲಿನ ಪಟ್ಟದಕಲ್ಲಿಗೆ ಕಿಸುವೊಳಲು ಅಂತ ಹೆಸರಿತ್ತು. ಇದನ್ನ ಹೇಳಿದಾಗಿಂದ ಅವಾ ಕೆಮ್ಮಣ್ಣಿನ ಬಟ್ಟಲಕ್ಕ ‘ಕಿಸು’ ಅಂತ ಹೆಸರಿಟ್ಟಾನ.

ಕುಂಚ ಅಂಗಡಿಯಿಂದ ತರಬೇಕಾಗಿಲ್ಲ. ಜ್ವಾಳದ ದಂಟಿನ ತುದಿ ಜಜ್ಜಿದ್ರ ಒಂದು ಕುಂಚ. ಬೇವಿನ ಕಡ್ಡಿ ಕಡಿದ್ರ ಸಣ್ಣ ಕುಂಚ. ಬೆಂಡಿಕಾಯಿ ಅಡ್ಡ ಕೊಯ್ದು ಬಣ್ಣದಾಗ ಅದ್ದಿ ಒತ್ತಿದ್ರ ಚುಕ್ಕಿ ಆಗತೈತಿ. ಇದನ್ನ ನೋಡಿ ನಾನೂ ಉಮೇದಿಗೆ ಬಿದ್ದು ಒಂದಿನ ಉಳ್ಳಾಗಡ್ಡಿ ಕೊಯ್ದು ಕೊಟ್ಟೆ, ಸುತ್ತ ಸುತ್ತ ಬಳಿ ಬೀಳತಾವ ಅಂತ. ಬಳಿ ಚಂದನ ಬಿದ್ದವು, ಆದ್ರ ಮುಚ್ಚಿದ ಬಚ್ಚಲದಾಗ ಮೂರೂ ಮಂದಿ ಕಣ್ಣೀರು. ಅವ್ವ ಹೊರಗ ನಿಂತು, “ಚಿತ್ರ ತಗ್ಯಾಕತ್ತೀರೋ, ಸತ್ತವರ ಮುಂದ ಕುಂತೀರೋ?” ಅಂದ್ಲು. ಹಂಗಾಗಿ ಉಳ್ಳಾಗಡ್ಡಿ ಬ್ಯಾಡ್ರಿ.

ಮಕ್ಕಳಿಗೆ ಭಾಳ ಸೇರೋದು ಅರಿಷಿಣದ ಮಾಟ. ಗೋಡಿ ಮ್ಯಾಲ ಅರಿಷಿಣದಾಗ ಚಿತ್ರ ತಗೀರಿ, ಆಮ್ಯಾಲ ಒದ್ದಿ ಸಬಕಾರದ ಬಳ್ಳು ಅದರ ಮ್ಯಾಲ ಎಳೀರಿ. ಹಳದಿ ಹೋಗಿ ಕೆಂಪಾಗತೈತಿ. ಸಬಕಾರದಾಗ ಕ್ಷಾರ ಇರ್ತೈತಿ, ಕ್ಷಾರ ತಾಗಿದ್ರ ಅರಿಷಿಣ ಕೆಂಪಾಗೋದು ಅದರ ಗುಣ. ಲಿಂಬಿಹಣ್ಣು ಹಿಂಡಿದ್ರ ತಿರುಗಿ ಹಳದಿ. ಆರತಿ ತಟ್ಟ್ಯಾಗ ಅರಿಷಿಣ ಸುಣ್ಣ ಕೂಡಿಸಿ ಕೆಂಪು ನೀರು ಮಾಡ್ತಾರಲ್ಲ, ಅದೂ ಇದ. ಆದ್ರ ಮಕ್ಕಳ ಕೈಗೆ ಸುಣ್ಣ ಕೊಡಬ್ಯಾಡ್ರಿ, ಚರ್ಮ, ಕಣ್ಣು ಎರಡನ್ನೂ ಸುಡತೈತಿ. ಸಬಕಾರ ಸಾಕು. ಕೆಂಪು ದಾಸವಾಳದ ಎಸಳು ನೆನಸಿದ ನೀರೂ ಹಂಗ: ಲಿಂಬಿ ರಸಕ್ಕ ಕೆಂಪೇರ್ತೈತಿ, ಅಡಿಗಿ ಸೋಡಾಕ್ಕ ಹಸಿರಾಗತೈತಿ. ನಮ್ಮ ಹಿರಿಯಾವ ಇದನ್ನ ನೋಡಿ ಒಂದು ನೋಟಬುಕ್ಕಿನಾಗ ಬರಕೊಂಡಾನ, ಯಾವ ಬಣ್ಣಕ್ಕ ಏನು ಹಾಕಿದ್ರ ಏನಾಗತೈತಿ ಅಂತ. ನಾವು ಶಾಲ್ಯಾಗ ಆಮ್ಲ, ಪ್ರತ್ಯಾಮ್ಲ ಅಂತ ಬಾಯಿಪಾಠ ಮಾಡಿದ್ದು ಇದನ್ನ. ಅದು ಬಚ್ಚಲದಾಗ ಇತ್ತು ಅಂತ ಯಾರೂ ಹೇಳಿರಲಿಲ್ಲ. ಅರಿಷಿಣದ ಕಲಿ ಅರಿವಿಗೆ ಹತ್ತತೈತಿ, ಅದಕ್ಕ ಹಳೆ ಚಡ್ಡಿ ಹಾಕ್ರಿ. ಬಿಸಿಲಿಗೆ ಒಣಗಿಸಿದ್ರ ಆ ಕಲಿ ತಾನ ಮಾಸತೈತಿ.

ಚಳಿಗಾಲಕ್ಕ ಇನ್ನೊಂದು ಬಣ್ಣ ಕೂಡಿತು, ಕುಸುಬಿ. ನಮ್ಮ ತಂದಿ ಕಾಲಕ್ಕ ಹಿಂಗಾರಿ ಜ್ವಾಳ, ಕಡ್ಲಿ ಹೊಲದ ಸುತ್ತ ಕುಸುಬಿ ಸಾಲು ಇರತಿತ್ತು. ಮುಳ್ಳಿನ ಗಿಡ, ದನ ಒಳಗ ಬರೂದಿಲ್ಲ, ಮನಿಗೆ ಎಣ್ಣಿನೂ ಆತು. ಮುಳ್ಳು ಚುಚ್ಚತೈತಿ, ಕೊಯ್ಯಾಕ ಆಳು ಬರಂಗಿಲ್ಲ ಅಂತ ನಾನ ಬಿಟ್ಟಿದ್ದೆ. ಹೋದ ಹಿಂಗಾರಿಗೆ ಬರೇ ಎರಡು ಸಾಲು ಹಾಕಿದೆ. ಹೂವಿನ ಕೇಸರಿ ಎಸಳು ನೀರಿನಾಗ ಹಾಕಿದ್ರ ಹಳದಿ ಬಿಡತೈತಿ. ಆ ಹಳದಿ ಪೂರಾ ಹೋಗೂತನಕ ತೊಳದು, ಉಳಿದ ಎಸಳು ಸೋಡಾ ನೀರಾಗ ನೆನಸಿ, ಸೋಸಿ, ಲಿಂಬಿ ಹಿಂಡಿದ್ರ ತೆಳ್ಳಗ ಗುಲಾಬಿ ಬರತೈತಿ. ಹಿಂದಕ ಬಟ್ಟಿಗೆ ಬಣ್ಣ ಕಟ್ಟಾಕ ಇದನ್ನ ಬಳಸ್ತಿದ್ದರು. ಆ ಗುಲಾಬಿ ಬಂದಾಗ ಸಣ್ಣಾಕಿ ಬಟ್ಟಲದಿಂದ ಹಿಂದ ಸರದು, “ಇದು ಬೀಜದ ಬಣ್ಣ ಏನು?” ಅಂತ ಕೇಳಿದಳು. ಆರು ತಿಂಗಳಾಗಿತ್ತು ನೋಡ್ರಿ, ಮರೆತಿರಲಿಲ್ಲ. ಹೂವಿನ ಗಿಡ ತಂದು ಮುಂದ ಹಿಡದು, ಎಸಳು ಕಿತ್ತು, ಮೊದಲಿನಿಂದ ಎಲ್ಲಾ ಆಕಿ ಕೈಲೆ ಮಾಡಿಸಿ ತೋರಿಸಿದ ಮ್ಯಾಲನ ಬೆರಳು ಅದ್ದಿದಳು.

ಕೆಲವು ಎಚ್ಚರಿಕಿ ಹೇಳಲೇಬೇಕು. ಬಣ್ಣ ಕಣ್ಣಿನ ಸನೇಕ ಬರಬಾರದು. ಹೊಸಾ ಬಣ್ಣ ಅಂದ್ರ ಹಿಂದಿನ ದಿನ ಮೊಣಕೈ ಒಳಗ ಒಂದು ಚುಕ್ಕಿ ಹಚ್ಚಿ ನೋಡ್ರಿ, ತುರಿಸಿದ್ರ ಬಿಡ್ರಿ. ಕಡ್ಲಿಹಿಟ್ಟು ಜಾರತೈತಿ, ಅದಕ್ಕ ನಾವು ಗೋಣಿತಟ್ಟು ಹಾಸಿ ಕುಂದ್ರಿಸ್ತೀವಿ. ಹಂಡೆ ನೀರು ಹದ ಮಾಡೂವಾಗ ಬಕೇಟಿಗೆ ಮೊದಲ ತಣ್ಣೀರು, ಆಮ್ಯಾಲ ಕಾದ ನೀರು, ನಿಮ್ಮ ಮೊಣಕೈ ಅದ್ದಿ ನೋಡಿದ ಮ್ಯಾಲನ ಮಕ್ಕಳಿಗೆ. ಸಣ್ಣ ಕೂಸನ್ನ ತುಂಬಿದ ಬಕೇಟಿನ ಹತ್ರ ಒಂದು ಗಳಿಗಿನೂ ಒಬ್ಬರನ್ನ ಬಿಡಬ್ಯಾಡ್ರಿ. ಫೋನ್ ಬಂದ್ರ ಬರಲಿ. ಹೋಳಿಗೆ ಅಂಗಡ್ಯಾಗ ಸಿಗೋ ಹೆಸರಿಲ್ಲದ ಬಣ್ಣ ಬಚ್ಚಲಕ್ಕ ತರಬ್ಯಾಡ್ರಿ.

ಮತ್ತ ರೈತರಿಗೆ ಅಂತನ ಒಂದು ಮಾತು. ಔಷಧಿ ಹೊಡದು ಬಂದ ದಿನ ನಾವು ಅದ ಬಚ್ಚಲಕ್ಕ ಹೋಗಿ, ಅದ ಬಕೇಟಿನಾಗ ಕೈ ಅದ್ದಿ, ಅರಿವಿ ಅಲ್ಲೇ ಒಗದು ಬರ್ತೀವಿ. ಅರ್ಧ ತಾಸಿಗೆ ಕೂಸು ಅದ ಪರಸಿ ಮ್ಯಾಲ ಕುಂದ್ರತೈತಿ. ಈಗ ನಾನು ಹಿತ್ತಲದಾಗ ಬ್ಯಾರೆ ಬಕೇಟು, ಬ್ಯಾರೆ ತಂಬಿಗಿ ಇಟ್ಟೀನಿ. ಮೊದಲ ಅಲ್ಲಿ ಮೈ ತೊಳಕೊಂಡು, ಹೊಡದ ಅರಿವಿ ಬ್ಯಾರೆ ನೆನಸಿ, ಆಮ್ಯಾಲ ಮನಿ ಒಳಗ. ಔಷಧಿ ಡಬ್ಬಿ, ಉಳಿದ ಬೀಜ ಎಲ್ಲಾ ಅಟ್ಟದ ಮ್ಯಾಲ ಕೀಲಿ ಹಾಕಿದ ಟ್ರಂಕಿನಾಗ. ಖಾಲಿ ಡಬ್ಬಿನೂ ಆಟಕ್ಕ ಕೊಡಂಗಿಲ್ಲ.

ಡಬ್ಬಿ ಮ್ಯಾಲಿನ ತ್ರಿಕೋನದ ಗುರುತು ಮಕ್ಕಳಿಗೆ ಕಲಿಸಿದೆ. ಕೆಂಪು ಅತೀ ಘೋರ ವಿಷ, ಆಮ್ಯಾಲ ಹಳದಿ, ಆಮ್ಯಾಲ ನೀಲಿ, ಕಡೀಕ ಹಸಿರು. ಸಣ್ಣಾಕಿ, “ಹಸಿರು ಅಂದ್ರ ಛಲೋ ಅಲ್ಲಾ?” ಅಂದ್ಲು. “ಇಲ್ಲ ನನ್ನವ್ವ, ಹಸಿರೂ ವಿಷಾನ. ಉಳಿದವಕ್ಕಿಂತ ಕಡಿಮಿ, ಅಷ್ಟ. ತ್ರಿಕೋನ ಇದ್ದದ್ದು ಯಾವುದೂ ನಮ್ಮ ಆಟಕ್ಕಲ್ಲ,” ಅಂದೆ. ಮೊದಲ ದಿನ ಒದರೋ ಬದಲು ಇಷ್ಟು ಹೇಳಿದ್ದಿದ್ರ ಆಕಿಗೆ ಅವತ್ತ ತಿಳೀತಿತ್ತು.

ಬಚ್ಚಲದಾಗ ಚಿತ್ರ ತಗಿಯೋದು ನಾನು ಕಂಡುಹಿಡಿದದ್ದಲ್ರೀ. ದೀಪಾವಳಿ ಬಂದಾಗ ಇದು ಹೊಳೀತು. ನೀರು ತುಂಬೋ ಹಬ್ಬದ ಸಂಜಿ ಅವ್ವ ಹಂಡೆ ತಿಕ್ಕಿ ತೊಳದು, ಸುಣ್ಣ ಕೆಮ್ಮಣ್ಣಿನಾಗ ಅದಕ್ಕ ಗೆರಿ ಎಳದು, ಹಿಂಡಲಕಾಯಿ ಬಳ್ಳಿ ಕೊಳ್ಳಿಗೆ ಸುತ್ತಿ, ನೀರು ತುಂಬಿದಳು. ನಾನು ಹುಟ್ಟಿದಾಗಿಂದ ನೋಡಿದ್ದ ಅದು. ಮರುದಿನ ನಸುಕಿನ್ಯಾಗ ಎಣ್ಣಿ ಹಚ್ಚಿ ಎರಕೊಳ್ಳೋಕಿಂತ ಮೊದಲ ಹಂಡೆಗೇ ಶೃಂಗಾರ. ಆ ವರ್ಷ ಗೆರಿ ಎಳಿಯೋ ಕೆಲಸ ಸಣ್ಣಾಕಿ ಕೇಳಿದಳು. ಸುಣ್ಣ ಅವ್ವ ಹಚ್ಚಿದಳು, ಕೆಮ್ಮಣ್ಣು ಮೊಮ್ಮಗಳು. ಗೆರಿ ಸೊಟ್ಟ ಬಂತು. ಅವ್ವ ಅಳಿಸಲಿಲ್ಲ. “ಇರಲಿ ಬಿಡು, ಗಂಗವ್ವಗ ಸೊಟ್ಟ ಗೆರಿ ಏನೂ ಹೊಸಾದಲ್ಲ, ಹೊಳಿ ಎಲ್ಲಾ ಸೊಟ್ಟನ ಹರೀತಾವ,” ಅಂದ್ಲು.

ಆಮ್ಯಾಲ ಒಮ್ಮೆ ಗಜೇಂದ್ರಗಡಕ್ಕ ಹೋಗೂವಾಗ ಸೂಡಿಗೆ ಮಕ್ಕಳನ್ನ ಕರಕೊಂಡು ಹೋದೆ. ಕಲ್ಯಾಣ ಚಾಲುಕ್ಯರ ಕಾಲದ ನಾಗಕುಂಡ ಐತಿ ಅಲ್ಲಿ. ಹಿರಿಯಾವ ಒಳಗ ಹಣಿಕಿ ಹಾಕಿ ಆ ಕೆತ್ತನಿ ನೋಡಿ ಕೇಳಿದ: “ಅಪ್ಪಾ, ನೀರು ತುಂಬಿದ್ರ ಇದು ಮುಳುಗಿ ಹೋಗ್ತೈತಿ, ಮತ್ಯಾಕ ಇಷ್ಟು ಕೆತ್ತಿದ್ರು?” ನನಗ ಲಗೂನ ಉತ್ತರ ಬರಲಿಲ್ಲ. ಸಣ್ಣಾಕಿ ಹೇಳಿದಳು: “ನೀರಿಗೆ ಬೇಕಲ್ಲ.” ಅಲ್ಲಿಂದ ಮುಂದ ಗಜೇಂದ್ರಗಡದ ಕಾಲಕಾಲೇಶ್ವರನ ಗುಡಿಗೆ ಹೋಗಿ ಅಂತರಗಂಗಿ ನೀರಿಗೆ ಕೈ ಒಡ್ಡಿದಾಗ, ತಲಿ ತೋಯಿಸಿಕೊಳ್ಳಾಕ ಎಲ್ಲಾರಿಗಿಂತ ಮೊದಲ ಓಡಿದಾಕಿ ಆಕಿನ. ಜೂನ್‌ನಾಗ ಚೌಕಟ್ಟು ಹಿಡಕೊಂಡು ಚೀರತಿದ್ದ ಕೂಸು ಅದು. ನನ್ನ ಹೆಂಡತಿ ನನ್ನ ಮಾರಿ ನೋಡಿದಳು, ಏನೂ ಅನ್ನಲಿಲ್ಲ.

ಈ ವರ್ಷ ಮತ್ತ ಮುಂಗಾರಿ ಬಂತು. ಮತ್ತ ಗೋವಿನಜೋಳದ ಬೀಜ ತಂದೆ. ಅಟ್ಟಕ್ಕ ಏರಿಸೋಕಿಂತ ಮೊದಲ ಚೀಲ ಬಿಚ್ಚಿ ಇಬ್ರಿಗೂ ದೂರದಿಂದ ತೋರಿಸಿದೆ. ಮುಚ್ಚಿಟ್ರ ಹುಡುಕ್ತಾರ, ತೋರಿಸಿ ಹೇಳಿದ್ರ ಬಿಡ್ತಾರ ಅಂತ ಈಗ ನನ್ನ ನಂಬಿಕಿ. ಸಣ್ಣಾಕಿ ಕೈ ಹಿಂದ ಕಟ್ಟಿಗೊಂಡು ನಿಂತು ನೋಡಿದಳು. “ಚಂದ ಐತಿ. ಆದ್ರ ಇದು ಜಳಕದ ಬಣ್ಣ ಅಲ್ಲ,” ಅಂದ್ಲು.

ಬಿತ್ತಿಗಿ ಮುಗಿಸಿ ಸಂಜಿಕ ಮನಿಗೆ ಬಂದೆ. ದಣಿದಿದ್ದೆ. ಹಿತ್ತಲಕ್ಕ ಹೋಗೂದು ಮರತು ಸೀದಾ ಪಡಸಾಲಿ ಹೊಸ್ತಿಲ ದಾಟಾಕತ್ತಿದ್ದೆ. ಆಕಿ ಎದುರು ಬಂದು ಎರಡೂ ಕೈ ಅಗಲಿಸಿ ನಿಂತಳು. ಒಂದು ಕೈಯಾಗ ಸಬಕಾರ ಇತ್ತು.

“ಅಪ್ಪಾ, ನಿನ್ನ ಬಳ್ಳಿಗೆ ಬೀಜದ ಬಣ್ಣ ಹತ್ತೈತಿ. ಮೊದಲ ನೀ ತೊಳಕೊಂಡು ಬಾ.”

ನೋಡಿಕೊಂಡೆ. ಬೆರಳ ಸಂದ್ಯಾಗ ಖರೇನ ಗುಲಾಬಿ ಇತ್ತು. ಹಿತ್ತಲಕ್ಕ ಹೋಗಿ ತೊಳಕೊಂಡೆ. ಆಕಿ ದೂರ ನಿಂತು, ಮೊಣಕೈತನಕ ಆತೋ ಇಲ್ಲೋ ಅಂತ ನೋಡತಿದ್ದಳು. “ತಿಕ್ಕಬ್ಯಾಡ,” ಅಂದ್ಲು. “ಮೆಲ್ಲಕ ತೊಳಿ.”